ಬಿಡುಗಡೆಯ ಏಳು ಹೆಜ್ಜೆ: ‘ಸ್ಟೆಪ್ಸ್ ಟು ಫ್ರೀಡಂ ಇನ್ ಕ್ರೈಸ್ಟ್’ ಪುಸ್ತಿಕೆ ಹೇಗಿದೆ?

ಬಿಡುಗಡೆ ಪ್ರಾರ್ಥನೆ, ಅಂದರೆ ದುರಾತ್ಮ, ದುಶ್ಚಟ, ಪಾಪದ ಕಟ್ಟಿನಿಂದ ಬಿಡಿಸುವ ಪ್ರಾರ್ಥನೆ, ಅಂದಕೂಡಲೇ ನಮ್ಮ ಕಡೆ ಹೆಚ್ಚಿನವರ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಮೈಕು, ಏರಿದ ದನಿ, ತಲೆಯ ಮೇಲೆ ಒತ್ತಿದ ಕೈ, ನೆಲಕ್ಕೆ ಬೀಳುವ ಜನ. ಈ ಪುಸ್ತಿಕೆಯಲ್ಲಿ ಅದ್ಯಾವುದೂ ಇಲ್ಲ. ಬೇಕಾಗುವುದು ಒಂದು ಮೇಜು, ಮೂರು ಕುರ್ಚಿ, ಕಾಗದ, ಪೆನ್ನು ಮತ್ತು ಫೋನ್ ಆಫ್ ಮಾಡಿಟ್ಟ ಅರ್ಧ ದಿನ. ಪ್ರಾರ್ಥನೆ ಮಾಡುವವರು ಪಾಸ್ಟರ್ ಅಲ್ಲ, ಬಿಡುಗಡೆ ಬೇಕಾದವರೇ. ಜೊತೆಯಲ್ಲಿ ಕೂತವರದು ಕೇಳಿಸಿಕೊಳ್ಳುವ ಕೆಲಸ.

ಇದನ್ನು ರೂಪಿಸಿದವರು ಅಮೆರಿಕದ ನೀಲ್ ಆಂಡರ್ಸನ್. ಮೊದಲು ಏರೋಸ್ಪೇಸ್ ಎಂಜಿನಿಯರ್, ಆಮೇಲೆ ಪಾಸ್ಟರ್, ಆಮೇಲೆ ಕ್ಯಾಲಿಫೋರ್ನಿಯಾದ ಟ್ಯಾಲ್ಬಟ್ ದೇವಶಾಸ್ತ್ರ ಶಾಲೆಯಲ್ಲಿ ಅಧ್ಯಾಪಕ. 1989ರಲ್ಲಿ ಫ್ರೀಡಂ ಇನ್ ಕ್ರೈಸ್ಟ್ ಮಿನಿಸ್ಟ್ರೀಸ್ ಶುರುಮಾಡಿದರು, 1990ರಲ್ಲಿ ‘ದ ಬಾಂಡೇಜ್ ಬ್ರೇಕರ್’ ಬಂತು. ಅದರೊಳಗಿನ ಏಳು ಹೆಜ್ಜೆಗಳೇ ಬೇರೆ ಪುಸ್ತಿಕೆಯಾಗಿ ಸಿಗುತ್ತವೆ. ಎಂಜಿನಿಯರ್ ಬರೆದದ್ದು ಅನ್ನುವುದು ಪುಟ ತಿರುಗಿಸಿದರೆ ಗೊತ್ತಾಗುತ್ತದೆ: ಪ್ರತಿ ಹೆಜ್ಜೆಗೂ ಆರಂಭದ ಪ್ರಾರ್ಥನೆ, ಆಮೇಲೆ ಪಟ್ಟಿ, ಪಟ್ಟಿಯ ಒಂದೊಂದು ಸಾಲಿಗೂ ಅರಿಕೆ (ತಪ್ಪೊಪ್ಪಿಗೆ), ಕೊನೆಗೆ ಪ್ರಾರ್ಥನೆ ಇಲ್ಲವೇ ಸತ್ಯದ ಘೋಷಣೆ. ಅದೇ ಇದರ ಬಲ. ಅದನ್ನೇ ಯಂತ್ರದ ಹಾಗೆ ಓಡಿಸಿದರೆ ಅದೇ ದೋಷ.

ಇಡೀ ವಿಧಾನ ನಿಂತಿರುವುದು ಯಾಕೋಬನ ಪತ್ರಿಕೆ 4:7ರ ಮೇಲೆ. ದೇವರಿಗೆ ಒಳಗಾಗುವುದು ಮೊದಲು, ಸೈತಾನನನ್ನು ಎದುರಿಸುವುದು ಆಮೇಲೆ. ನಮ್ಮ ಎಷ್ಟೋ ಕೂಟಗಳಲ್ಲಿ ಮೊದಲರ್ಧ ಬಿಟ್ಟು ಎರಡನೇ ಅರ್ಧದಿಂದಲೇ ಶುರುವಾಗುತ್ತದೆ, ಅದಕ್ಕೇ ಅದೇ ಜನ ಅದೇ ಕಟ್ಟಿಗೆ ಮತ್ತೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಆಂಡರ್ಸನ್ ಅವರ ವಾದ ಇಷ್ಟು: ಕ್ರಿಸ್ತನು ಶಿಲುಬೆಯಲ್ಲಿ ಜಯಿಸಿ ಆಗಿದೆ, ವಿಶ್ವಾಸಿ ಇನ್ನೂ ಕಟ್ಟಿನಲ್ಲಿದ್ದರೆ ಅದಕ್ಕೆ ಕಾರಣ ಅವನು ನಂಬಿಕೊಂಡಿರುವ ಸುಳ್ಳು ಮತ್ತು ಮುಚ್ಚಿಟ್ಟ ಪಾಪ. ಹಾಗಾಗಿ ದೆವ್ವದ ಜೊತೆ ಜಗಳ ಬೇಡ, ಸುಳ್ಳನ್ನು ಬೆಳಕಿಗೆ ತಂದರೆ ಸಾಕು. ಯೋಹಾನ 8ರಲ್ಲಿ ಸತ್ಯವು ಬಿಡುಗಡೆ ಮಾಡುತ್ತದೆ ಅಂದ ಯೇಸು ಎರಡೇ ವಚನದ ಆಚೆ, ಪಾಪ ಮಾಡುವವನು ಪಾಪಕ್ಕೆ ದಾಸ ಅನ್ನುತ್ತಾನೆ. ಪುಸ್ತಿಕೆ ಈ ಎರಡನ್ನೂ ಬಿಡಿಸದೆ ಹಿಡಿದುಕೊಂಡಿದೆ. ಅದು ಸರಿಯಾದ ಜಾಗ.

ಮೊದಲು ತಯಾರಿ. ಮೂರರಿಂದ ಐದು ಗಂಟೆ ಹಿಡಿಯುತ್ತದೆ, ಗಾಯ ಆಳವಾಗಿದ್ದರೆ ಇನ್ನೂ ಜಾಸ್ತಿ. ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಗಂಟೆಯಲ್ಲಿ ಮುಗಿಸೋಣ ಅಂದರೆ ಮೂರನೆಯ ಹೆಜ್ಜೆಯ ನಡುವೆ ನಿಂತುಹೋಗುತ್ತದೆ. ಗಾಯ ಬಿಚ್ಚಿ ಕಟ್ಟದೆ ಕಳಿಸಿದ ಹಾಗೆ. ಜೊತೆಗೆ ಇಬ್ಬರು ಇರಲಿ: ಒಬ್ಬರು ನಡೆಸಲಿಕ್ಕೆ, ಒಬ್ಬರು ಸುಮ್ಮನೆ ಪ್ರಾರ್ಥಿಸಲಿಕ್ಕೆ. ಹೆಂಗಸರಿಗೆ ಹೆಂಗಸೇ ನಡೆಸಲಿ, ಬಾಗಿಲಿಗೆ ಚಿಲಕ ಬೇಡ, ಮೈಮೇಲೆ ಕೈ ಇಡುವುದು ಬೇಡ. ಕುಡಿಯಲು ನೀರು, ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು. ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ. ಉಪವಾಸ ಮಾಡುವುದಿದ್ದರೆ ನಡೆಸುವವರು ಮಾಡಲಿ. ಕೇಳಿಸಿಕೊಂಡದ್ದು ಆ ಕೋಣೆ ದಾಟಬಾರದು. ‘ಪ್ರಾರ್ಥನಾ ವಿಷಯ’ ಅಂತ ವಾಟ್ಸಾಪ್ ಗುಂಪಿಗೆ ಹೋಯಿತೋ, ಆ ಸಭೆಯಲ್ಲಿ ಇನ್ನಾರೂ ಬಾಯಿ ಬಿಡುವುದಿಲ್ಲ.

ಭಾಷೆಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಇಂಗ್ಲಿಷ್ ಪುಸ್ತಿಕೆ ಹಿಡಿದು ಕನ್ನಡದಲ್ಲಿ ನಡೆಸುವವರು ಪದಪದಕ್ಕೆ ಅನುವಾದ ಮಾಡುತ್ತಾ ಹೋದರೆ ಪ್ರಾರ್ಥನೆ ಸತ್ತುಹೋಗುತ್ತದೆ. ‘ರಿನೌನ್ಸ್’ ಅನ್ನುವ ಮಾತು ಸಾಲುಸಾಲಿಗೂ ಬರುತ್ತದೆ. ಅದಕ್ಕೆ ‘ತ್ಯಜಿಸುತ್ತೇನೆ’ ಶಾಸ್ತ್ರಕ್ಕೆ ಸರಿ, ದೀಕ್ಷಾಸ್ನಾನದ ಪ್ರತಿಜ್ಞೆಯ ದನಿಯೂ ಅದರಲ್ಲಿದೆ. ಆದರೆ ಹಳ್ಳಿಯ ಅಜ್ಜಿಗೆ ‘ಇದರ ಸಂಬಂಧ ಇವತ್ತಿಗೆ ಕಡಿದುಕೊಂಡೆ’ ಅಂದರೆ ಎದೆಗೆ ಇಳಿಯುತ್ತದೆ. ‘ಸ್ಟ್ರಾಂಗ್‌ಹೋಲ್ಡ್’ಗೆ ಎರಡನೇ ಕೊರಿಂಥ 10:4ರ ‘ಕೋಟೆ’ ಇದ್ದೇ ಇದೆ, ಮನಸ್ಸಿನಲ್ಲಿ ಬೇರೂರಿದ ಸುಳ್ಳು ಅಂತ ಅರ್ಥ. ‘ಕನ್ಫೆಸ್’ಗೆ ‘ಅರಿಕೆ’. ಈ ಮಾತುಗಳನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪ್ರಾರ್ಥನೆಗಳನ್ನೆಲ್ಲ ಬಾಯಿಬಿಟ್ಟು ಓದಬೇಕೆಂದು ಪುಸ್ತಿಕೆ ಹೇಳುತ್ತದೆ; ಸೈತಾನನು ಸರ್ವಜ್ಞನಲ್ಲ, ಮನಸ್ಸಿನೊಳಗಿನದು ಅವನಿಗೆ ಕಾಣದು ಅನ್ನುವುದು ಅದರ ಕಾರಣ. ಆ ಕಾರಣ ಒಪ್ಪದವರೂ ಗಟ್ಟಿಯಾಗಿಯೇ ಓದಲಿ. ಮನಸ್ಸಿನಲ್ಲಿ ಹೇಳಿಕೊಂಡ ಅರಿಕೆಗೆ ಅರ್ಧ ದಾರಿಯಲ್ಲಿ ನೆಪ ಸೇರಿಕೊಳ್ಳುತ್ತದೆ.

ಮೊದಲ ಹೆಜ್ಜೆ ಹುಸಿ ಮಾರ್ಗದರ್ಶನದ ಪಟ್ಟಿ. ಓಯಿಜಾ ಬೋರ್ಡ್ (ಆತ್ಮಗಳಿಂದ ಉತ್ತರ ಕೇಳುವ ಅಕ್ಷರದ ಹಲಗೆ), ಸತ್ತವರನ್ನು ಮಾತಾಡಿಸುವುದು, ಜಾತಕಫಲ ಮುಂತಾದ ಅಮೆರಿಕದ ಪಟ್ಟಿ. ನಮ್ಮಲ್ಲಿ ಇದನ್ನು ಹಾಗೇ ಓದಿದರೆ ಎದುರು ಕೂತವರು ‘ನಾನು ಇದ್ಯಾವುದೂ ಮಾಡಿಲ್ಲ’ ಅಂತ ಎರಡು ನಿಮಿಷದಲ್ಲಿ ದಾಟಿಬಿಡುತ್ತಾರೆ. ಪಟ್ಟಿಯನ್ನು ಊರಿಗೆ ತರಬೇಕು: ಕಟ್ಟಿಸಿಕೊಂಡ ತಾಯತ, ಕೇಳಿಸಿದ ಕಣಿ, ಹಾಕಿಸಿದ ಅಂಜನ, ಯಾರ ಮೇಲಾದರೂ ಮಾಡಿಸಿದ ಮಾಟ, ಮಗು ಅತ್ತಾಗ ನಿವಾಳಿಸಿದ ಮೆಣಸಿನಕಾಯಿ. ಇದಕ್ಕೆ ನಮ್ಮದೇ ಸಭೆಗಳ ಸಂಗತಿಗಳನ್ನೂ ಸೇರಿಸಬೇಕು, ಇದನ್ನು ಯಾರೂ ಸೇರಿಸುವುದಿಲ್ಲ: ಅಭಿಷೇಕದ ಎಣ್ಣೆಯ ಸೀಸೆಯನ್ನು ತಾಯತದ ಹಾಗೆ ಜೇಬಿನಲ್ಲಿಟ್ಟುಕೊಳ್ಳುವುದು, ದೆವ್ವ ಬರದಿರಲೆಂದು ಬೈಬಲನ್ನು ದಿಂಬಿನ ಕೆಳಗಿಡುವುದು, ಕಣ್ಣುಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನವನ್ನೇ ಕಣಿಯಾಗಿ ತೆಗೆದುಕೊಳ್ಳುವುದು. ದೇವರನ್ನು ನಂಬುವ ಬದಲು ವಸ್ತುವನ್ನು ನಂಬಿದ್ದು ಎರಡೂ ಕಡೆ ಒಂದೇ.

ಇಲ್ಲಿ ಒಂದು ಎಚ್ಚರ. ಮನೆಯಲ್ಲಿ ಹಿಂದೂ ತಾಯಿ, ಅತ್ತೆ, ಅಣ್ಣ ಇರುವವರು ನಮ್ಮ ನಾಡಿನಲ್ಲಿ ಬಹಳ. ಈ ಹೆಜ್ಜೆ ಸ್ವಂತ ಕಟ್ಟಿನ ಅರಿಕೆ, ಇನ್ನೊಬ್ಬರ ಭಕ್ತಿಯ ಮೇಲಿನ ತೀರ್ಪು ಅಲ್ಲ. ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದವರು ಐವತ್ತು ಸಾವಿರ ಬೆಳ್ಳಿನಾಣ್ಯ ಬೆಲೆಯ ಮಂತ್ರದ ಪುಸ್ತಕಗಳನ್ನು ಸುಟ್ಟರು. ಸುಟ್ಟದ್ದು ತಮ್ಮವೇ, ತಂದವರೂ ತಾವೇ. ಅತ್ತೆಯ ದೇವರ ಕೋಣೆಗೆ ಕೈ ಹಾಕಿ ಅಂತ ಈ ಪುಸ್ತಿಕೆಯ ಯಾವ ಸಾಲೂ ಹೇಳುವುದಿಲ್ಲ.

ತ್ಯಜಿಸುವುದು ಹೊಸ ಪದ್ಧತಿ ಅಂತ ಅನುಮಾನ ಪಡುವ ಹಿರಿಯರಿಗೆ ಒಂದು ಮಾತು. ನಾಲ್ಕನೇ ಶತಮಾನದ ಜೆರೂಸಲೇಮಿನಲ್ಲಿ ದೀಕ್ಷಾಸ್ನಾನಕ್ಕೆ ಬಂದವರು ಮೊದಲು ಪಶ್ಚಿಮಕ್ಕೆ, ಸೂರ್ಯ ಮುಳುಗುವ ಕಡೆಗೆ ತಿರುಗಿ, ಕೈಚಾಚಿ ಸೈತಾನನನ್ನೂ ಅವನ ಕ್ರಿಯೆಗಳನ್ನೂ ತ್ಯಜಿಸಿ, ಆಮೇಲೆ ಪೂರ್ವಕ್ಕೆ ತಿರುಗಿ ವಿಶ್ವಾಸ ಹೇಳುತ್ತಿದ್ದರು. ಕಥೋಲಿಕ ದೇವಾಲಯಗಳಲ್ಲಿ ಈಸ್ಟರ್ ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ಇಂದಿಗೂ ಅದೇ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ವರ್ಷಕ್ಕೊಮ್ಮೆ ಒಟ್ಟಾಗಿ ಹೇಳುವುದನ್ನು ಈ ಪುಸ್ತಿಕೆ ಹೆಸರು ಹಿಡಿದು, ಬಿಡಿಬಿಡಿಯಾಗಿ ಹೇಳಿಸುತ್ತದೆ, ಅಷ್ಟೇ.

ಎರಡನೆಯದು ಮೋಸ ಮತ್ತು ಸತ್ಯ. ಲೋಕ ಮಾಡಿದ ಮೋಸ, ನಮಗೆ ನಾವೇ ಮಾಡಿಕೊಂಡ ಮೋಸ; ಕಲ್ಪನೆಯಲ್ಲಿ ಮುಳುಗುವುದು, ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದು, ಇದ್ದದ್ದನ್ನು ಇಲ್ಲ ಅನ್ನುವುದು. ಇದರ ಕೊನೆಯ ವಿಶ್ವಾಸದ ಘೋಷಣೆ ಉದ್ದವಿದೆ, ಆದರೆ ಮೊಟಕು ಮಾಡಬೇಡಿ. ಓದುವಾಗ ಯಾವ ಸಾಲಿನಲ್ಲಿ ದನಿ ತಡವರಿಸುತ್ತದೆ ಅನ್ನುವುದನ್ನು ನಡೆಸುವವರು ಗುರುತು ಮಾಡಿಕೊಳ್ಳಬೇಕು. ‘ದೇವರು ನನ್ನನ್ನು ಅಂಗೀಕರಿಸಿದ್ದಾನೆ’ ಅನ್ನುವಲ್ಲಿ ಗಂಟಲು ಕಟ್ಟಿದರೆ, ಕೋಟೆ ಇರುವುದು ಅಲ್ಲೇ.

ಮೂರನೆಯ ಹೆಜ್ಜೆಗಾಗಿಯೇ ಈ ಪುಸ್ತಿಕೆ ಕೊಳ್ಳಬಹುದು. ಕಹಿ ಮತ್ತು ಕ್ಷಮೆ. ಒಟ್ಟು ಸಮಯದ ಅರ್ಧವನ್ನು ಇದಕ್ಕೇ ಇಡಿ.

ಖಾಲಿ ಹಾಳೆ ಕೊಟ್ಟು, ಯಾರನ್ನು ಕ್ಷಮಿಸಬೇಕೆಂದು ತೋರಿಸು ಅಂತ ದೇವರನ್ನು ಕೇಳಿ, ಮನಸ್ಸಿಗೆ ಬಂದ ಹೆಸರುಗಳನ್ನೆಲ್ಲ ಬರೆಯಲು ಹೇಳಬೇಕು. ವಿವರಣೆ ಬೇಡ, ಹೆಸರು ಮಾತ್ರ. ಮೊದಲ ಐದು ಹೆಸರು ಬೇಗ ಬರುತ್ತವೆ. ಆಮೇಲೆ ಪೆನ್ನು ನಿಲ್ಲುತ್ತದೆ. ಆ ಹೊತ್ತಿನಲ್ಲಿ ನಡೆಸುವವರು ಬಾಯಿ ತೆರೆಯಬಾರದು. ನಿಜವಾದ ಹೆಸರು ಆ ಮೌನದ ಆಚೆ ಇರುತ್ತದೆ. ಅಪ್ಪ, ಅವ್ವ, ಕೆಲವೊಮ್ಮೆ ಸಭಾಪಾಲಕರು. ಪಟ್ಟಿಯ ಕೊನೆಗೆ ತನ್ನ ಹೆಸರನ್ನೂ, ದೇವರ ಮೇಲಿನ ಮುನಿಸನ್ನೂ ಸೇರಿಸಲು ಪುಸ್ತಿಕೆ ಹೇಳುತ್ತದೆ. ದೇವರು ತಪ್ಪು ಮಾಡಿದನೆಂದಲ್ಲ, ಮನಸ್ಸಿನಲ್ಲಿ ಅವನ ಮೇಲೆ ಹೂಡಿದ ದಾವೆಯನ್ನು ಹಿಂದಕ್ಕೆ ತೆಗೆಯಲಿಕ್ಕೆ.

ಆಮೇಲೆ ಒಂದೊಂದು ಹೆಸರಿಗೂ ಒಂದೇ ಅಚ್ಚಿನ ಪ್ರಾರ್ಥನೆ: ಯಾರನ್ನು, ಏನು ಮಾಡಿದ್ದಕ್ಕೆ, ಅದರಿಂದ ನನಗೆ ಏನನ್ನಿಸಿತು. ಈ ಮೂರನೇ ತುಂಡೇ ಕೀಲಿ. ಉದಾಹರಣೆಗೆ ಆಸ್ತಿ ಪಾಲಿನಲ್ಲಿ ಮೋಸವಾದ ಒಬ್ಬ ತಮ್ಮ ‘ಕರ್ತನೇ, ಅಣ್ಣನನ್ನು ಕ್ಷಮಿಸಿದ್ದೇನೆ’ ಅಂತ ಎಷ್ಟು ವರ್ಷ ಹೇಳಿದರೂ ಅದು ತುಟಿಯ ಮೇಲಿನ ಮಾತು. ‘ಕರ್ತನೇ, ನೆಂಟರೆಲ್ಲ ಕೂತಿದ್ದಾಗ ನನ್ನನ್ನು ಕಳ್ಳ ಅಂದದ್ದಕ್ಕೆ ಅಣ್ಣನನ್ನು ಕ್ಷಮಿಸಲು ನಿರ್ಧರಿಸಿದ್ದೇನೆ, ಅವತ್ತು ಈ ಮನೆಗೆ ನಾನು ಬೇಡದವನು ಅನ್ನಿಸಿತು’ ಅಂದಾಗ ಬೇರು ಕೈಗೆ ಸಿಗುತ್ತದೆ. ‘ಬೇಡದವನು’ ಅನ್ನುವುದನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಅದೇ ಮಾತು ಇನ್ನೂ ಮೂರು ಹೆಸರುಗಳ ಪಕ್ಕ ಬರುತ್ತದೆ. ಆ ತಮ್ಮ ಕುಡಿಯುವವನಾದರೆ, ಕುಡಿತಕ್ಕೆ ಹೋಗುವುದು ಯಾವ ಹೊತ್ತಿನಲ್ಲಿ ಅಂತ ಆರನೆಯ ಹೆಜ್ಜೆಯಲ್ಲಿ ಕೇಳಿದಾಗ ಅದೇ ಮಾತು ಮತ್ತೆ ಎದುರಾಗುತ್ತದೆ. ಒಂದು ಹೆಸರನ್ನು, ನೆನಪಿಗೆ ಬರುವ ನೋವೆಲ್ಲ ಹೇಳಿ ಮುಗಿಯುವವರೆಗೆ ಬಿಡಬೇಡಿ. ಹತ್ತು ಹೆಸರಿಗೆ ಒಂದೇ ಉಸಿರಿನಲ್ಲಿ ‘ಎಲ್ಲರನ್ನೂ ಕ್ಷಮಿಸಿದೆ’ ಅನ್ನಿಸುವುದು ಈ ಹೆಜ್ಜೆಯನ್ನು ಕೆಡಿಸುವ ಅತಿ ಸಾಮಾನ್ಯ ತಪ್ಪು.

‘ನಿರ್ಧರಿಸಿದ್ದೇನೆ’ ಅನ್ನುವ ಪದ ಬೇಕೇಬೇಕು. ಮನಸ್ಸು ಹಗುರಾದ ಮೇಲೆ ಕ್ಷಮಿಸುತ್ತೇನೆ ಅಂದರೆ ಆ ದಿನ ಬರುವುದಿಲ್ಲ. ಹೊಸ ಒಡಂಬಡಿಕೆಯಲ್ಲಿ ಕ್ಷಮಿಸು ಅನ್ನಲು ಹೆಚ್ಚಾಗಿ ಬರುವ ಗ್ರೀಕ್ ಪದಕ್ಕೆ ಬಿಟ್ಟುಬಿಡು, ಕಳಿಸಿಕೊಡು ಅಂತ ಅರ್ಥ. ಸಾಲದ ಪತ್ರ ಹರಿಯುವ ಕೆಲಸ ಅದು. ಮತ್ತಾಯ 18ರ ಕನಿಕರವಿಲ್ಲದ ಆಳಿನ ಕಥೆಯಲ್ಲಿರುವುದೂ ಸಾಲದ ಲೆಕ್ಕವೇ. ಎಫೆಸ 4:26, 27ರಲ್ಲಿ ಪೌಲ ಸೈತಾನನಿಗೆ ಅವಕಾಶ ಕೊಡಬೇಡಿ ಅಂದದ್ದು ಹೊತ್ತು ಮುಳುಗಿದರೂ ಇಳಿಯದ ಸಿಟ್ಟಿನ ಬಗ್ಗೆ. ದೆವ್ವದ ಬಾಗಿಲನ್ನು ಸ್ಮಶಾನದಲ್ಲಿ ಹುಡುಕುವವರು ಈ ವಚನವನ್ನು ಮತ್ತೊಮ್ಮೆ ಓದಬೇಕು.

ಕ್ಷಮೆ ಅಂದರೆ ಏನಲ್ಲ ಅನ್ನುವುದನ್ನೂ ಪುಸ್ತಿಕೆ ಸ್ಪಷ್ಟವಾಗಿ ಹೇಳಿದೆ: ಮರೆಯುವುದಲ್ಲ, ಅನ್ಯಾಯವನ್ನು ಸಹಿಸಿಕೊಂಡೇ ಇರುವುದಲ್ಲ. ಇದನ್ನು ನಮ್ಮವರಿಗೆ ಎರಡು ಸಲ ಹೇಳಬೇಕು. ಹೊಡೆಯುವ ಗಂಡನನ್ನು ಕ್ಷಮಿಸಿದ ಹೆಂಗಸು ಅವನ ಮನೆಗೆ ಇವತ್ತೇ ವಾಪಸ್ ಹೋಗಬೇಕಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಕ್ಷಮೆಯ ಪ್ರಾರ್ಥನೆಯಿಂದ ಅದು ಮುಗಿಯುವುದಿಲ್ಲ. ಪೋಕ್ಸೊ ಕಾಯ್ದೆಯ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾನೂನು) ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಕೇಳಿಸಿಕೊಂಡವರು ಪಾಸ್ಟರ್ ಆಗಿದ್ದರೂ ಅಷ್ಟೇ. ಕೇಳಿದ್ದು ಕೋಣೆ ದಾಟಬಾರದು ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ ಅಂತ ಕೂರುವ ಮೊದಲೇ ಹೇಳಿಬಿಡಿ. ಹೆಂಗಸರ ಸಹಾಯವಾಣಿ 181.

ನಾಲ್ಕು ಮತ್ತು ಐದು, ಅಂದರೆ ದಂಗೆ ಮತ್ತು ಅಹಂಕಾರ, ಬೇಗ ಮುಗಿಯುತ್ತವೆ. ನಾಲ್ಕರಲ್ಲಿ ಸರಕಾರ, ತಂದೆತಾಯಿ, ಯಜಮಾನ, ಗಂಡ, ಸಭೆಯ ಹಿರಿಯರು ಅಂತ ಅಧೀನತೆಯ ಪಟ್ಟಿ ಬರುತ್ತದೆ. ದಬ್ಬಾಳಿಕೆಯ ಸಭಾಪಾಲಕರ ಕೈಗೆ ಸಿಕ್ಕರೆ ಇದೊಂದು ಕೋಲು. ಹಾಗಾಗಿ ಈ ಪಟ್ಟಿ ಓದುವ ಮೊದಲು ಅಪೊಸ್ತಲರ ಕೃತ್ಯಗಳು 5:29 ಓದಿಸಿ: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು.

ಆರನೆಯದು ಬಿಡಲಾಗದ ಪಾಪ. ರೋಮಾಪುರ 6ನೇ ಅಧ್ಯಾಯ ಇದರ ಬೆನ್ನೆಲುಬು: ಕೈ, ಕಣ್ಣು, ನಾಲಗೆ ಯಾರ ಸಾಧನ ಅನ್ನುವ ಪ್ರಶ್ನೆ. ಪುಸ್ತಿಕೆ ಒಂದೊಂದನ್ನೂ ಹೆಸರಿಟ್ಟು ಅರಿಕೆ ಮಾಡಿಸುತ್ತದೆ. ಕುಡಿತ, ಅಶ್ಲೀಲ ವೀಡಿಯೊ, ವ್ಯಭಿಚಾರ, ಗರ್ಭಪಾತದ ಕೊರಗು, ಆತ್ಮಹತ್ಯೆಯ ಯೋಚನೆ, ಎಲ್ಲಕ್ಕೂ ಬೇರೆ ಬೇರೆ ಪ್ರಾರ್ಥನೆ ಇವೆ. ಹೆಸರು ಹೇಳಿದಾಗ ಪಾಪದ ಗುಟ್ಟು ಹೋಗುತ್ತದೆ. ಅದರ ಹಿಡಿತದ ದೊಡ್ಡ ಪಾಲು ಗುಟ್ಟಿನಲ್ಲೇ ಇರುವುದು. ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆಮಾಡಿ ಅಂದದ್ದು ಇದಕ್ಕೇ. ಪಾಪನಿವೇದನೆಯ ಸಂಸ್ಕಾರ ಇರುವ ಕಥೋಲಿಕರಿಗೆ ಇದು ಹೊಸದೆನಿಸದು. ವಾರವಾರ ಎಲ್ಲರೊಟ್ಟಿಗೆ ಸಾಮಾನ್ಯ ಅರಿಕೆ ಓದಿ ರೂಢಿಯಾದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರಿಗೆ ಮಾತ್ರ ಮೊದಲ ಸಲ ಮೈ ನಡುಗುತ್ತದೆ. ಹಾಗೆಂದು ಕೂದಲೆಳೆಯ ವಿವರ ಕೇಳಬೇಡಿ. ಏನು, ಎಷ್ಟು ಕಾಲದಿಂದ, ಇನ್ನೂ ನಡೆಯುತ್ತಿದೆಯಾ, ಇಷ್ಟು ಸಾಕು.

ಇಲ್ಲಿಯೇ ವೈದ್ಯರ ಮಾತೂ ಬರಬೇಕು. ದಿನಾ ಜಾಸ್ತಿ ಕುಡಿಯುವವರು ಪ್ರಾರ್ಥನೆ ಮುಗಿದ ಸಂಜೆಯೇ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು. ಅದು ದೆವ್ವದ ಮರುದಾಳಿ ಅಲ್ಲ, ಕುಡಿತ ತಪ್ಪಿದ ಮೆದುಳಿನ ತುರ್ತುಸ್ಥಿತಿ, ಜೀವವೇ ಹೋಗಬಹುದು. ನಿರ್ಧಾರ ಇವತ್ತೇ ಆಗಲಿ, ನಿಲ್ಲಿಸುವುದು ವೈದ್ಯರ ನಿಗಾದಲ್ಲಿ ಆಗಲಿ. ಅಪಸ್ಮಾರ, ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳ ಮಾತ್ರೆಯನ್ನು ‘ವಿಶ್ವಾಸದಿಂದ’ ನಿಲ್ಲಿಸಿ ಅನ್ನುವವರ ಕೈಗೆ ಈ ಪುಸ್ತಿಕೆ ಕೊಡಲೇಬಾರದು. ಕಿವಿಯಲ್ಲಿ ದನಿ ಕೇಳುತ್ತದೆ ಅಂದಾಕ್ಷಣ ದುರಾತ್ಮ ಅಂತ ತೀರ್ಮಾನಿಸುವುದೂ ಬೇಡ. ಕಥೋಲಿಕ ಸಭೆಯ ಕಾನೂನಿನ 1172ನೇ ಕ್ಯಾನನ್ (ವಿಧಿ) ಪ್ರಕಾರ ಬಿಷಪರ ವಿಶೇಷ ಅನುಮತಿ ಇಲ್ಲದೆ ಯಾರೂ ದೆವ್ವ ಬಿಡಿಸುವ ವಿಧಿ ನಡೆಸುವಂತಿಲ್ಲ. ಬೇರೆ ಸಭೆಗಳವರಿಗೂ ಈ ನಿಧಾನ ಒಳ್ಳೆಯದು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಾಯಿಗೆ ಬಂದರೆ ಹೆಜ್ಜೆಗಳನ್ನು ಅಲ್ಲಿಗೇ ನಿಲ್ಲಿಸಿ, ಅವರನ್ನು ಒಬ್ಬರೇ ಬಿಡದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಏಳನೆಯ ಹೆಜ್ಜೆ ಪುಸ್ತಿಕೆಯ ಬಡವಾದ ಭಾಗ. ಪೂರ್ವಿಕರ ಪಾಪವನ್ನೂ ಶಾಪವನ್ನೂ ತ್ಯಜಿಸುವುದು. ಆಧಾರ ವಿಮೋಚನಕಾಂಡ 20:5, ತಂದೆಯ ಪಾಪಕ್ಕೆ ಮಕ್ಕಳನ್ನು ಮೂರು ನಾಲ್ಕು ತಲೆಯವರೆಗೆ ದಂಡಿಸುವ ಮಾತು. ಮನೆತನದಲ್ಲಿ ಕುಡಿತ, ಸಿಟ್ಟು, ಸುಳ್ಳು ಇಳಿದು ಬರುತ್ತವೆ ಅನ್ನುವುದು ನಿಜ. ಅದನ್ನು ಗುರುತಿಸಿ ‘ಇದು ನನ್ನಲ್ಲಿ ನಿಲ್ಲಲಿ’ ಅನ್ನುವುದು ಒಳ್ಳೆಯದೇ. ಆದರೆ ಅಪ್ಪ ಹುಳಿ ದ್ರಾಕ್ಷಿ ತಿಂದರೆ ಮಗನ ಹಲ್ಲು ಚಳಿಯುತ್ತದೆ ಅನ್ನುವ ಗಾದೆಯನ್ನು ಇನ್ನು ಆಡಬೇಡಿ ಅಂತ ದೇವರೇ ಯೆಹೆಜ್ಕೇಲ 18ರಲ್ಲಿ ಹೇಳಿದ್ದಾನೆ. ಗಲಾತ್ಯ 3:13ರ ಪ್ರಕಾರ ಕ್ರಿಸ್ತನು ನಮ್ಮ ಶಾಪವನ್ನು ತಾನೇ ಹೊತ್ತಾಗಿದೆ. ವಂಶಶಾಪ, ನಾಗದೋಷ, ಪಿತೃದೋಷದ ಭಯ ಮೊದಲೇ ತುಂಬಿರುವ ನೆಲದಲ್ಲಿ ಈ ಹೆಜ್ಜೆ ಭಯವನ್ನು ಬಿಡಿಸುವ ಬದಲು ಹೊಸ ಹೆಸರು ಕೊಟ್ಟು ಉಳಿಸುವ ಅಪಾಯ ಇದೆ. ಮುತ್ತಜ್ಜನ ಪಾಪ ಯಾವುದು ಅಂತ ಹುಡುಕುತ್ತಾ ಕೂರಬೇಡಿ. ಯೆಹೆಜ್ಕೇಲ, ಗಲಾತ್ಯದ ಆ ಎರಡೂ ಭಾಗ ಓದಿ, ಒಂದು ಚಿಕ್ಕ ಪ್ರಾರ್ಥನೆ ಹೇಳಿ ಮುಗಿಸಿ.

ಎಲ್ಲ ಮುಗಿದ ಮೇಲೆ, ಅಂಚಿನ ಮಾತನ್ನಷ್ಟೇ ನೆನಪಿಟ್ಟುಕೊಂಡು, ಕ್ಷಮೆಯ ಹಾಳೆಯನ್ನು ಬರೆದವರ ಕೈಯಲ್ಲೇ ಹರಿದುಹಾಕಿಸಿ. ಫೋಟೊ ತೆಗೆದಿಟ್ಟುಕೊಳ್ಳುವವರಿದ್ದಾರೆ, ತೆಗೆಯಲು ಬಿಡಬೇಡಿ.

ಪುಸ್ತಿಕೆಯಷ್ಟೇ ಕೊಂಡವರಿಗೆ ಮುಂದಿನ ದಿನಗಳಿಗೆ ಸಾಕಷ್ಟು ಸಿಗುವುದಿಲ್ಲ, ಇದು ನಿಜವಾದ ಕೊರತೆ. ಮನಸ್ಸು ಎರಡು ಮೂರು ದಿನ ಹಗುರಾಗಿ, ವಾರದೊಳಗೆ ಹಳೆಯ ಯೋಚನೆ ಹಳೆಯ ದಾರಿಯಲ್ಲೇ ಬರುತ್ತದೆ. ‘ಬಿಡುಗಡೆ ಆಗಲೇ ಇಲ್ಲ’ ಅಂತ ಜನ ಕೈಬಿಡುವುದು ಆಗಲೇ. ಇದೇ ಸಂಸ್ಥೆಯ ಪಾಠಮಾಲೆಯಲ್ಲಿ ಇದಕ್ಕೆ ಮದ್ದಿದೆ: ನಲವತ್ತು ದಿನದ ಅಭ್ಯಾಸ. ಅಂಗೈ ಅಗಲದ ಕಾರ್ಡು ತೆಗೆದುಕೊಳ್ಳಿ. ಹಾಳೆಯ ಅಂಚಿನಲ್ಲಿ ಮತ್ತೆ ಮತ್ತೆ ಬಂದ ಮಾತೇ ಸುಳ್ಳು. ‘ನಾನು ಬೇಡದವನು ಅನ್ನುವ ಸುಳ್ಳನ್ನು ತಳ್ಳಿಹಾಕುತ್ತೇನೆ’ ಅಂತ ಮೇಲೆ, ಅದಕ್ಕೆ ಎದುರಾದ ಎರಡು ಮೂರು ವಚನಗಳ ಸತ್ಯ ಕೆಳಗೆ. ರೋಮಾಪುರ 15:7 ಮತ್ತು ಎಫೆಸ 1:5 ಇಲ್ಲಿಗೆ ಹೊಂದುತ್ತವೆ. ಹಿಂಬದಿಯಲ್ಲಿ ನಲವತ್ತು ಚೌಕ. ಬೆಳಿಗ್ಗೆ ಒಮ್ಮೆ ಬಾಯಿಬಿಟ್ಟು ಓದಿ ಒಂದು ಚೌಕಕ್ಕೆ ಗೀಟು. ಒಂದು ದಿನ ತಪ್ಪಿದರೆ ಮೊದಲಿಂದ ಶುರುಮಾಡಬೇಡಿ, ಮರುದಿನ ಮುಂದುವರಿಸಿ. ಮೊದಲ ವಾರಗಳಲ್ಲಿ ಓದಿದ್ದು ಸುಳ್ಳು ಹೇಳಿದ ಹಾಗೇ ಅನ್ನಿಸುತ್ತದೆ, ಅನ್ನಿಸಲಿ, ಓದಿ. ಎರಡು ಸುಳ್ಳು ಕಂಡರೂ ಒಂದು ಕಾಲಕ್ಕೆ ಒಂದೇ ಕಾರ್ಡು. ನಡೆಸಿದವರು ಏಳನೆಯ ದಿನ, ಇಪ್ಪತ್ತನೆಯ ದಿನ ಫೋನ್ ಮಾಡಬೇಕು, ಮತ್ತು ಕೇಳಬೇಕಾದದ್ದು ‘ಮತ್ತೆ ಬಿದ್ದಿರಾ’ ಅಂತಲ್ಲ, ‘ಇವತ್ತು ಕಾರ್ಡು ಓದಿದಿರಾ’ ಅಂತ.